ಸೆಕ್ರೆಟರಿ ಬಾಯಿ ನಮ್ಮ ಅತ್ತೆಯಾದದ್ದು

ಅತ್ತೆ ಹೋಗುವುದಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಇವತ್ತು ಮಧ್ಯಾಹ್ನ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಮಗ ಸೊಸೆ ಬಹಳ ವರ್ಷ ಕಾದು ಪಡೆದ ಕೂಸು, ಈ ಮುದುಕನಿಗೆ ಮೊದಲ ಮೊಮ್ಮಗಳು. ಅದೇ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತ್ತು. ಅತ್ತೆಯ ತಗಡಿನ ಟ್ರಂಕು ಅದರ ಹಿಂಭಾಗಕ್ಕೆ ಏರಿತ್ತು. ಅಪ್ಪನ ತಂಗಿಯ ಸ್ಥಾನದವಳು, ತೊಂಬತ್ತು ದಾಟಿದ ಅತ್ತೆ, ಬಿಳಿ ಸೀರೆ ಉಟ್ಟು ಕೋಲು ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದಳು. ಈಗ ಆ ಟ್ರಂಕು ಮತ್ತೆ ತನ್ನ ಜಾಗದಲ್ಲಿದೆ. ಇಳಿಸಿದವನು ನಾನೇ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗೆ ಬರುತ್ತಿವೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ ಮೊದಲೂ ನೆಟ್ಟಗಿರಲಿಲ್ಲ, ಆ ಮಾತು ಬೇರೆ.

ಅವಳು ಉಳಿದದ್ದು ಸಂತೋಷ. ಆದರೆ ನಾನು ದಂಗಾಗಿ ಕುಳಿತಿರುವುದು ಅವಳನ್ನು ಉಳಿಸಿಕೊಂಡವರು ಯಾರು ಎಂಬುದಕ್ಕೆ. ನಾನು ಕೈಮುಗಿದು ಕೇಳಿದ್ದೆ. ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ ಮಾಡುವ ನನ್ನ ಮಗ ವ್ಯಾಪಾರ ಬಿಟ್ಟು ಬಂದು ಕೇಳಿದ್ದ. ನನ್ನ ತಂಗಿ ಗಂಗಾ ಬಸವನ ಬಾಗೇವಾಡಿಯಿಂದ ಬಂದು ಅತ್ತು ಕರೆದು ಹೋಗಿದ್ದಳು. ಯಾರ ಮಾತೂ ನಡೆಯಲಿಲ್ಲ. ಕೊನೆಗೆ ತಡೆದವಳು ನನ್ನ ಹೆಂಡತಿ ನೀಲವ್ವ. ಮದುವೆಯಾಗಿ ಬಂದ ದಿನದಿಂದ ಅದೇ ಅತ್ತೆಯ ಜೊತೆ ಅನ್ನಕ್ಕೆ ನೀರು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಜಗಳಾಡಿದವಳು. ಅವಳು ಆಡಿದ್ದು ನಾಲ್ಕೇ ಮಾತು. ಆ ಮಾತಿನ ಬಿಗಿ ತಿಳಿಯಬೇಕೆಂದರೆ ನಾನು ಚಿಕ್ಕವನಿದ್ದಾಗ ಸಿಂದಗಿಯ ಈ ಮನೆ ಹೇಗಿತ್ತು ಎನ್ನುವುದನ್ನು ಹೇಳಬೇಕು.

ಆಗ ಇದು ಮಣ್ಣಿನ ಮಾಳಿಗೆಯ ಮನೆ. ಒಳಗೆ ಕಾಲಿಟ್ಟರೆ ಮೊದಲು ಎತ್ತು ಕಟ್ಟುವ ಬಂಕ, ಅದರ ಪಕ್ಕ ಜೋಳದ ಚೀಲ ಇಡುವ ಒಂದು ಕತ್ತಲೆ ಕೋಣೆ. ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರಾಚೆ ಅಡುಗೆಮನೆ. ಗೋಡೆ ಎಷ್ಟು ದಪ್ಪ ಇದ್ದವೆಂದರೆ ಗೂಡಿನಲ್ಲಿ ನಾನು ಮಡಚಿಕೊಂಡು ಮಲಗಬಹುದಿತ್ತು. ಕಿಟಕಿ ಇರಲಿಲ್ಲ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಮುಂಜಾನೆ ಅದರಿಂದ ಒಂದು ತಾಟಿನಷ್ಟು ಅಗಲ ಬಿಸಿಲು ನೆಲದ ಮೇಲೆ ಬೀಳುತ್ತಿತ್ತು. ಆ ಬಿಸಿಲು ನಮ್ಮ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಆ ಬೆಳಕಿನಲ್ಲಿ ಕೂತಳೆಂದರೆ ಎತ್ತು ಸಹಿತ ಒದರಬಾರದು. ಆಯಿ ಅಪ್ಪನ ನಂತರ ಹೆತ್ತ ಹೆಣ್ಣುಮಕ್ಕಳು ಒಂದೂ ಉಳಿದಿರಲಿಲ್ಲ. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಯಿ ಮಾತ್ರ ಯಾರ ಮನೆಯ ಮಗಳು ಪಂಚಮಿಗೆ ತವರಿಗೆ ಬಂದದ್ದು ಕಂಡರೂ ಬಾಗಿಲು ಹಾಕಿಕೊಂಡು ಒಳಗೆ ಬರುತ್ತಿದ್ದಳು.

ಅಪ್ಪ ರೈತ. ಹತ್ತಿ ಮಾರುವವರ ಸಂಘ ಅಂತ ಊರಲ್ಲಿ ಒಂದು ಇತ್ತು, ಅದರ ಪಂಚರಲ್ಲಿ ಅಪ್ಪನೂ ಒಬ್ಬ. ಆ ಸಂಘಕ್ಕೆ ಸೆಕ್ರೆಟರಿ ಬೇಕೆಂದಾಗ ಎಲ್ಲೋ ದಕ್ಷಿಣದ ಸಮುದ್ರದ ದಂಡೆಯಿಂದ ಒಬ್ಬ ಹೆಣ್ಣುಮಗಳು ಅರ್ಜಿ ಹಾಕಿದಳು, ಟೈಪು ಬಲ್ಲವಳು ಅಂತ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಇರಿಸುವುದೆಲ್ಲಿ? ಒಂಟಿ ಹೆಣ್ಣು, ಅದೂ ಕ್ರೈಸ್ತರವಳು. ಪಂಚರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರಂತೆ. ಅಪ್ಪ ಯಾರನ್ನೂ ಕೇಳದೆ ನಮ್ಮ ಮನೆಗೆ ಕರೆದುಕೊಂಡು ಬಂದ. ನನಗೆ ಆಗ ಏಳೋ ಎಂಟೋ ವರ್ಷ. ಟ್ರಂಕು ಹಮಾಲನ ತಲೆಯ ಮೇಲೆ, ಅವಳು ಅದರ ಹಿಂದೆ, ಕೈಯಲ್ಲಿ ಛತ್ರಿ. ಹೆಸರು ಸಲೋಮಿ. ಆಯಿ ಬಂಕದಲ್ಲೇ ನಿಲ್ಲಿಸಿ ಕೇಳತೊಡಗಿದಳು.

“ಯಾವ ಮಂದಿ?”

“ಕ್ರೈಸ್ತರು, ಅಜ್ಜಿ.”

“ತಿನ್ನೂದೇನ?”

ಅಪ್ಪ ಕೆಮ್ಮಿದ. ಅವ್ವ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡಳು. ಆ ಹೆಣ್ಣುಮಗಳು ಛತ್ರಿ ಮಡಚಿ ಗೋಡೆಗೆ ಆನಿಸಿ ನಿಲ್ಲಿಸಿ, ಸಾವಕಾಶವಾಗಿ ಹೇಳಿದಳು.

“ಅನ್ನ, ಮೀನು. ಇಲ್ಲಿ ಮೀನು ಮಾಡುದಿಲ್ಲ. ಊರಿಗೆ ಹೋದಾಗ ತಿಂತೇನೆ. ತಿಂದು ಬಂದು ತಿನ್ನಲಿಲ್ಲ ಅಂತ ಮಾತ್ರ ಹೇಳುದಿಲ್ಲ.”

“ಇಷ್ಟ ಬಿಚ್ಚಿ ಹೇಳಬೇಕಾಗಿತ್ತೇನ ನೀ?”

“ನೀವು ಕೇಳಿದ್ರಿ ಅಲ್ಲ?”

ಆಯಿಗೆ ತಿರುಗಿ ಮಾತಾಡಿದವರನ್ನು ನಾನು ಅವತ್ತೇ ಮೊದಲು ನೋಡಿದ್ದು. ಅದೂ ದನಿ ಏರಿಸದೆ. ಆಯಿ ಅಪ್ಪನ ಕಡೆ ತಿರುಗಿ “ನಾ ಕೇಳಬಾರದಿತ್ತು, ತಪ್ಪು ನಂದ” ಎಂದಳು. ಜೋಳದ ಚೀಲ ತೆಗೆಸಿ ಆ ಕತ್ತಲೆ ಕೋಣೆ ಕೊಟ್ಟಳು. ಕಟ್ಟಳೆ ಹಾಕಿದಳು: ಪಡಸಾಲೆಯ ಮೆಟ್ಟಿಲು ಏರಬಾರದು, ನೀರು ಬೇಕಾದರೆ ಕೊಡ ತಂದು ಇಟ್ಟರೆ ಮೇಲಿಂದ ಹಾಕುತ್ತೇವೆ, ಒಲೆ ನಿನ್ನದು ನಿನಗೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಅವತ್ತು ಸಂಜೆ ಅವ್ವ ಒಂದು ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಇಟ್ಟು ನನ್ನ ಕೈಗೆ ಕೊಟ್ಟಳು. “ಆಯಿ ನೋಡದಂಗ ಹೋಗು. ತಾಟಿಗೆ ಮೇಲಿಂದ ಬಿಡು, ಮುಟ್ಟಬ್ಯಾಡ.” ನಾನು ಮೇಲಿಂದ ಬಿಟ್ಟೆ. ರೊಟ್ಟಿ ತಾಟಿನ ಅಂಚಿಗೆ ಬಡಿದು ಮುರಿಯಿತು. ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಆಮೇಲೆ ಆ ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

“ದವಡೆ ನೋಯ್ತದೆ ಮಾರಾಯ. ಇದನ್ನು ದಿನಾ ತಿಂತೀರಾ ನೀವು?”

ಆ ಕನ್ನಡ ಕೇಳಿ ನಾನು ನಕ್ಕೆ. ನನ್ನ ಕನ್ನಡ ಕೇಳಿ ಅವಳು ನಕ್ಕಳು. ನಮ್ಮಿಬ್ಬರ ದೋಸ್ತಿ ಅಲ್ಲಿಂದ ಶುರುವಾಯಿತು. ಊರಿನವರು ಅವಳನ್ನು ಸೆಕ್ರೆಟರಿ ಬಾಯಿ ಎಂದು ಕರೆದರು. ಆಯಿ ಅಷ್ಟೂ ಅನ್ನಲಿಲ್ಲ, “ಟೈಪಿನಾಕಿ” ಎನ್ನುತ್ತಿದ್ದಳು.

ಅವಳ ಕೆಲಸದ ರೀತಿ ಊರಿಗೇ ಹೊಸದಾಗಿತ್ತು. ಸಂಘದ ಪಂಚರ ಕೂಟ ಅಂದರೆ ಅಲ್ಲಿಯ ತನಕ ಚಹಾ ಕುಡಿದು, ಕೂಗಾಡಿ, ಎದ್ದು ಹೋಗುವುದು. ಇವಳು ಬಂದ ಮೇಲೆ ಯಾರು ಏನಂದರು ಎಂಬುದನ್ನೆಲ್ಲ ಬರೆದುಕೊಂಡು, ಏಳುವ ಮುಂಚೆ ತಿರುಗಿ ಓದಿ ಹೇಳುತ್ತಿದ್ದಳು. ತಾವು ಬೈದಾಡಿದ್ದನ್ನು ತಾವೇ ಕೇಳಿ ಹಿರಿಯರು ಮೀಸೆ ತಿರುವುತ್ತ ಕೂತುಬಿಡುತ್ತಿದ್ದರಂತೆ. “ಅದನ್ಯಾಕ ಬರದೀರಿ?” ಎಂದರೆ “ನೀವು ಅಂದಿರಿ” ಎನ್ನುವಳು. “ಅಂದಿಲ್ಲ ಅಂತ ಬರೀರಿ” ಎಂದರೆ “ಅಂದಿಲ್ಲ ಅಂತ ಈಗ ಅಂದಿರಿ, ಅದನ್ನೂ ಬರೀತೇನೆ” ಎನ್ನುವಳು. ಅಪ್ಪ ಇದನ್ನು ಮನೆಗೆ ಬಂದು ಹೇಳಿ, ಉಣ್ಣುತ್ತ ಉಣ್ಣುತ್ತ ನೆತ್ತಿಗೆ ಹತ್ತುವ ಹಾಗೆ ನಗುತ್ತಿದ್ದ. ಆಯಿ ನಗಲಿಲ್ಲ. ಆಮೇಲೆ ಆಯಿಗೂ ಅದರ ಪೆಟ್ಟು ಬಿತ್ತು. ಒಮ್ಮೆ ಪುಂಡಿಪಲ್ಯಕ್ಕೆ ಉಪ್ಪು ಯಾರು ಹಾಕಿದರೆಂದು ಆಯಿಗೂ ಅವ್ವನಿಗೂ ಜಗಳ ಹತ್ತಿತು. ಇಬ್ಬರೂ ಸಾಕ್ಷಿಗೆ ಬಂಕದ ಕಡೆ ಕೂಗಿದರು. ಅವಳು ಕೋಣೆಯ ಬಾಗಿಲಿಗೆ ಬಂದು, ಮುಂಜಾನೆ ಆಯಿ ಏನಂದಳು, ಅವ್ವ ಏನಂದಳು, ಆಯಿ ಮತ್ತೆ ಏನಂದಳು, ಎಲ್ಲವನ್ನೂ ಅವರವರ ದನಿಯಲ್ಲೇ ಒಪ್ಪಿಸಿದಳು. ಕೊನೆಗೆ “ಉಪ್ಪು ಯಾರು ಹಾಕಿದ್ದೂ ನಾನು ನೋಡಲಿಲ್ಲ. ಕೇಳಿದ್ದು ಇಷ್ಟು” ಎಂದಳು. ಜಗಳ ಅಲ್ಲೇ ನಿಂತಿತು. ಅವ್ವ ಗೋಡೆಯ ಕಡೆ ಮುಖ ಮಾಡಿ ನಗುತ್ತಿದ್ದಳು. ಆಯಿ ಮಾತ್ರ ದಿನವಿಡೀ ಗುಮ್ಮೆಂದು ಕೂತಳು. ತನ್ನ ಮಾತು ಹೊರಗಿನಿಂದ ಹೇಗೆ ಕೇಳುತ್ತದೆ ಎಂದು ಆಯಿಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಭಾನುವಾರ ಬಂತೆಂದರೆ ಅವಳು ಬಿಳಿ ಸೀರೆ ಉಟ್ಟು, ದಪ್ಪ ಬೈಬಲ್ಲನ್ನು ಎದೆಗೆ ಅವಚಿಕೊಂಡು ಊರ ಹೊರಗಿನ ಚರ್ಚಿಗೆ ಹೋಗುವಳು. ಚರ್ಚೆಂದರೆ ಒಂದು ಉದ್ದ ಕೋಣೆ. ಮುಂದೆ ಬೇವಿನ ಗಿಡ, ಗಿಡಕ್ಕೆ ತೂಗುಬಿಟ್ಟ ರೈಲು ಕಂಬಿಯ ತುಂಡೇ ಗಂಟೆ. ನಾನು ಹಿಂದೆ ಹಿಂದೆ ಹೋಗಿ ಹೊರಗೆ ಕಲ್ಲಿನ ಮೇಲೆ ಕೂತು ಹಾಡು ಕೇಳುತ್ತಿದ್ದೆ. ಉಳಿದ ದಿನ ಅವಳು ತನ್ನ ಕತ್ತಲೆ ಕೋಣೆಯಲ್ಲಿ ಚಿಮಣಿ ಹಚ್ಚಿ ಓದುವಳು. ಮುಂಜಾನೆಯೂ ಚಿಮಣಿ. ಆ ಹೊಗೆಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಹತ್ತು ಹೆಜ್ಜೆ ಆಚೆ ಪಡಸಾಲೆಯಲ್ಲಿ ಬೆಳಕಿಂಡಿಯ ಬಿಸಿಲು ಬಿದ್ದಿರುತ್ತಿತ್ತು, ಆಯಿಯ ಪೂಜೆ ಮುಗಿದ ಮೇಲೂ ಬಹಳ ಹೊತ್ತು ಖಾಲಿ ಬಿದ್ದಿರುತ್ತಿತ್ತು.

ಒಂದು ಮಳೆಗಾಲ ಅವ್ವ ಹೆಣ್ಣು ಹೆತ್ತಳು. ಹೆಸರಿಡುವ ದಿನ ಬಂತು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ತಂಗಿಯೋ ಅಕ್ಕನೋ. ಅವಳು ತೊಟ್ಟಿಲಿಗೆ ಬಾಗಿ ಕುರ್ರ್ ಎಂದು ಹೆಸರು ಉಸುರುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅತ್ತೆ ಇಲ್ಲದೆ ಹೆಸರಿಲ್ಲ. ಅಪ್ಪನಿಗೆ ತಂಗಿ ಇಲ್ಲದ್ದರಿಂದ ನನ್ನ ಹೆಸರಿಡುವಾಗ ದೇವಣಗಾಂವದಿಂದ ಒಬ್ಬ ದೂರದ ಸಂಬಂಧದ ಅಕ್ಕ ಬಂದಿದ್ದಳಂತೆ. ಈ ಸಲ ಅವಳು ಭೀಮೆಯ ಆಚೆ ದಂಡೆಯಲ್ಲಿ ಮಗಳ ಮನೆಯಲ್ಲಿದ್ದಳು, ಹೊಳೆ ತುಂಬಿ ದೋಣಿ ನಿಂತುಹೋಯಿತು. ಬರಲಾರಳೆಂಬ ಸುದ್ದಿ ಬರುವ ಹೊತ್ತಿಗೆ ಇಲ್ಲಿ ತೊಟ್ಟಿಲು ಕಟ್ಟಿಯಾಗಿತ್ತು, ಗುಗ್ಗರಿ ಕುದಿದಿತ್ತು, ಪಡಸಾಲೆ ತುಂಬ ಓಣಿಯ ಹೆಂಗಸರು. ಒಬ್ಬಾಕೆ ಎದ್ದರೆ “ನೀ ಸೊಸಿ ಆಗ್ತಿ, ಕೂಡು” ಎನ್ನುವರು. ಇನ್ನೊಬ್ಬಳು ಎದ್ದರೆ “ನೀ ತಾಯಿ ಕಡೆಯಾಕಿ” ಎನ್ನುವರು. ಓಣಿಯಲ್ಲಿ ಎಲ್ಲರೂ ಒಂದಲ್ಲ ಒಂದು ಸಂಬಂಧದಲ್ಲಿ ಸಿಕ್ಕಿಕೊಂಡವರೇ. ಕೂಸು ಅಳತೊಡಗಿತು. ಆಗ ಎದುರು ಮನೆಯ ಮುದುಕಿ ನಾಗಮ್ಮ ಹೇಳಿದಳು.

“ಯಾರಿಗೂ ಏನೂ ಆಗದಾಕಿ ಒಬ್ಬಾಕಿ ನಿಮ್ಮನ್ಯಾಗ ಅದಾಳಲ್ಲ. ನಿನ್ನ ಮಗನಿಗೆ ಅಣ್ಣಾರ ಅಣ್ಣಾರ ಅಂತಾಳ.”

ಆಯಿಯ ಮುಖದ ಬಣ್ಣ ಹೋಗಿ ಬಂತು. ಹೊತ್ತು ಮೀರುತ್ತಿತ್ತು, ಬೇರೆ ದಾರಿ ಇರಲಿಲ್ಲ. ನನ್ನನ್ನು ಓಡಿಸಿದರು. ಅದು ಭಾನುವಾರ. ಅವಳು ಆಗ ತಾನೇ ಚರ್ಚಿನಿಂದ ಬಂದು ಕಾಲು ತೊಳೆಯುತ್ತಿದ್ದಳು. ಬಂದು ಮೆಟ್ಟಿಲ ಕೆಳಗೇ ನಿಂತಳು, ಆಯಿ ಹಾಕಿದ ಕಟ್ಟಳೆಯ ಪ್ರಕಾರ. ಆಯಿ ಮೇಲಿನಿಂದ ವಿಷಯ ಹೇಳಿದಳು.

“ಬರೇ ಬಾಯಿಮಾತ, ಒಂದ ಗಳಗಿ ಕೆಲಸ. ಬಂದು ಕಿವ್ಯಾಗ ಹೆಸರ ಹೇಳಿ ಹೋಗು.”

ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ಅಂಥ ಕರೆ ಬಂದರೆ ಬೇರೆ ಯಾರಾದರೂ ಓಡಿ ಬರುತ್ತಿದ್ದರು. ಅವಳು ಬರಲಿಲ್ಲ.

“ನನಗೆ ಆಗುದಿಲ್ಲ ಅಜ್ಜಿ.”

“ಯಾಕ? ನಿಮ್ಮ ದೇವರು ಸಿಟ್ಟಾಗ್ತಾನ?”

“ಅದಲ್ಲ. ನಾನು ಅಣ್ಣನ ತಂಗಿ ಅಂತ ಅಷ್ಟು ಜನರ ಮುಂದೆ ಹೇಳಿದ ಹಾಗೆ ಆಯಿತಲ್ಲ? ತಂಗಿ ಅಲ್ಲದೆ ತಂಗಿ ಅಂತ ಹೇಳ್ಲಿಕ್ಕೆ ನನಗೆ ಬರುದಿಲ್ಲ. ಒಂದು ಗಳಿಗೆಗೆ ತಂಗಿ ಆಗ್ಲಿಕ್ಕೂ ಬರುದಿಲ್ಲ. ಆಗುದಾದ್ರೆ ಪೂರ್ತಿ ಆಗಿಯೇ ಬಿಡ್ಬೇಕು.”

“ಅಂದ್ರ?”

“ನೀವು ಮೊದಲು ಹೇಳಿ, ಇವಳು ನನ್ನ ಮಗಳು ಅಂತ. ನಿಜವಾಗಿ ಹೇಳಿ. ಮತ್ತೆ ನಾಳೆ ಇಲ್ಲ ಅನ್ಬಾರದು. ಆಗ ನಾನು ಬರ್ತೇನೆ.”

ನಾನು ಮೆಟ್ಟಿಲ ಮೇಲೆ ಅವರಿಬ್ಬರ ನಡುವೆ ನಿಂತಿದ್ದೆ. ಆಯಿ ಈಗ ಅವಳನ್ನು ಟ್ರಂಕು ಸಮೇತ ಹೊರಗೆ ಹಾಕುತ್ತಾಳೆ, ನಾಳೆಯಿಂದ ಬಂಕದ ಕೋಣೆಯಲ್ಲಿ ಮತ್ತೆ ಜೋಳದ ಚೀಲ ಎಂದುಕೊಂಡೆ. ಹೆಂಗಸರೆಲ್ಲ ಆಯಿಯನ್ನೇ ನೋಡುತ್ತಿದ್ದರು. ಆಯಿ ಅವಳನ್ನು ನೋಡುತ್ತಿದ್ದಳು. ಮಗಳು ಎಂಬ ಮಾತನ್ನು ಆಯಿಯ ಬಾಯಲ್ಲಿ ನಾನು ಅಲ್ಲಿಯ ತನಕ ಕೇಳಿರಲಿಲ್ಲ. ತುಟಿ ಎರಡು ಸಲ ಅಲ್ಲಾಡಿದವು, ದನಿ ಬರಲಿಲ್ಲ. ಮೂರನೆಯ ಸಲ ಬಂತು.

“ನನ್ನ ಮಗಳ ಅದಾಳ. ಎಲ್ಲಾರೂ ಕೇಳ್ರಿ. ಬಾ ಮ್ಯಾಲ.”

ಸಲೋಮಿ ಅತ್ತೆ ಮೆಟ್ಟಿಲು ಏರಿದಳು. ಶಾಸ್ತ್ರದಂತೆ ಒಳಕಲ್ಲಿನ ಗುಂಡುಕಲ್ಲಿಗೆ ಕೂಸಿನ ಕುಲಾಯಿ ತೊಡಿಸಿ, ಕೂಸೆಂದು ಮುದ್ದಾಡಿ, ತೊಟ್ಟಿಲ ಕೆಳಗಿಂದ ಒಬ್ಬರು ಕೊಟ್ಟು ಮೇಲಿಂದ ಒಬ್ಬರು ತೆಗೆದುಕೊಂಡರು. ಅವಳು ಆ ಕಲ್ಲನ್ನೂ ತಲೆಗೆ ಕೈ ಕೊಟ್ಟು ಜೋಪಾನವಾಗಿ ಹಿಡಿದಳು, ಹೆಂಗಸರು ಬಿದ್ದು ಬಿದ್ದು ನಕ್ಕರು. ಕುಂಕುಮ ಹಚ್ಚಲು ಬಂದಾಗ ಅವಳು ಬೇಡವೆಂದಳು. ಯಾರಾದರೂ ಏನಾದರೂ ಅನ್ನುವ ಮುಂಚೆ ಆಯಿ ಅದನ್ನು ಅವಳ ಉಡಿಗೆ ಹಾಕಿದ್ದ ತೆಂಗಿನಕಾಯಿಗೆ ಹಚ್ಚಿದಳು. ಹೆಸರು ಯಾವುದೆಂದು ಆಯಿ ಅವಳ ಕಿವಿಯಲ್ಲಿ ಹೇಳಿದಳು, ಅವಳು ಕೂಸಿನ ಕಿವಿಯಲ್ಲಿ ಹೇಳಿದಳು. ಗಂಗಾ. ಅದು ಆಯಿ ಕಳೆದುಕೊಂಡ ಕೊನೆಯ ಮಗಳ ಹೆಸರೆಂದು ಅವ್ವ ನನಗೆ ಬಹಳ ವರ್ಷಗಳ ಮೇಲೆ ಹೇಳಿದ್ದು. ಅತ್ತೆ ಬಾಗಿದ್ದೇ ತಡ ಬೆನ್ನ ಮೇಲೆ ಗುದ್ದು ಬಿದ್ದವು. ಮೊದಲನೆಯದು ಆಯಿಯದು, ಎಲ್ಲಕ್ಕಿಂತ ಜೋರಾಗಿ. ಉಪ್ಪಿನ ಜಗಳದ ಸಿಟ್ಟೂ ಅದರಲ್ಲಿತ್ತು. ಅತ್ತೆ “ಅಯ್ಯೋ ಅಮ್ಮ” ಎಂದಳು. ಅಮ್ಮ ಎಂದದ್ದು ಕೇಳಿ ಆಯಿ ಎತ್ತಿದ ಇನ್ನೊಂದು ಕೈಯನ್ನು ಹಾಗೇ ಅವಳ ಬೆನ್ನ ಮೇಲೆ ಇಟ್ಟು ಸವರಿದಳು.

ನಿಜವಾದ ಗಾಬರಿ ಇದ್ದದ್ದು ಸಂಜೆಗೆ. ಮಂದಿ ಹೋದರು. ಅಡುಗೆಮನೆಯಲ್ಲಿ ತಾಟು ಹಾಕಿದರು. ಅತ್ತೆ ರೂಢಿಯಂತೆ ಕೆಳಗಿಳಿದು ತನ್ನ ಕೋಣೆಯಲ್ಲಿ ಒಲೆ ಹಚ್ಚಿದ್ದಳು, ಸೀಮೆಎಣ್ಣೆಯ ವಾಸನೆ ಮೇಲೆ ಬರುತ್ತಿತ್ತು. ಅಪ್ಪ ತಾಟು ನೋಡುತ್ತಾನೆ, ಅವ್ವ ಅಪ್ಪನನ್ನು ನೋಡುತ್ತಾಳೆ. ಆಯಿ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಇನ್ನೊಂದು ತಾಟ ಹಾಕು,” ಎಂದಳು ಅವ್ವನಿಗೆ. ನನಗೆ, “ಹೋಗು, ನಿಮ್ಮತ್ತೀನ ಕರಕೊಂಡ ಬಾ. ಒಲಿ ಆರಸಂತ ಹೇಳು.”

ಅತ್ತೆ ಬಂದು ನನ್ನ ಪಕ್ಕ ಕೂತಳು. ಬಿಸಿ ರೊಟ್ಟಿ ಬಿತ್ತು, ನಾವೆಲ್ಲ ಕೈ ಹಾಕಿದೆವು. ಅವಳು ಹಾಕಲಿಲ್ಲ. ಕಣ್ಣು ಮುಚ್ಚಿ ಕೂತಳು. ನಮ್ಮ ಕೈ ರೊಟ್ಟಿಯ ಮೇಲೆ ಹಾಗೇ ನಿಂತವು.

“ಏನ ಮಾಡಾಕತ್ತಿ?” ಎಂದಳು ಆಯಿ.

“ಪ್ರಾರ್ಥನೆ. ನಿಮ್ಮೆಲ್ಲರ ಹೆಸರು ಹೇಳಿ.”

“ಲಗೂ ಮುಗಸು. ರೊಟ್ಟಿ ಆರತಾವ.”

ಹಾಗೆ ಅಂದವಳು ತಾನೇ ಕೈ ಹಿಂದೆ ತೆಗೆದುಕೊಂಡಳು. ಅಪ್ಪನೂ ತೆಗೆದ. ಅವಳು ಆಮೆನ್ ಎಂದು ಕಣ್ಣು ತೆರೆದ ಮೇಲೆಯೇ ರೊಟ್ಟಿ ಮುರಿದೆವು. ಅವತ್ತಿನಿಂದ ಈ ಮನೆಯಲ್ಲಿ ಅತ್ತೆ ಕಣ್ಣು ತೆರೆಯುವ ತನಕ ಯಾರೂ ರೊಟ್ಟಿ ಮುರಿದಿಲ್ಲ.

ಆಯಿ ಅದನ್ನು ಒಂದು ದಿನದ ಕೆಲಸ ಎಂದುಕೊಂಡಿದ್ದಳೋ ಏನೋ. ಅತ್ತೆ ಹಾಗೆ ಬಿಡಲಿಲ್ಲ, ಓಣಿಯೂ ಬಿಡಲಿಲ್ಲ. ಮಗಳ ಕಡೆ ಬಾಡಿಗೆ ತೆಗೆದುಕೊಂಡರೆ ಮಂದಿ ನಗುತ್ತಾರೆಂದು ಬಾಡಿಗೆ ನಿಂತಿತು. ಪಂಚಮಿ ಬಂತು, ಮಗಳೆಂದ ಮೇಲೆ ಸೀರೆ ಕೊಡಬೇಕು, ಜೋಕಾಲಿ ಕಟ್ಟಬೇಕು. ಆ ವರ್ಷ ಆಯಿ ಬಾಗಿಲು ಹಾಕಿಕೊಳ್ಳಲಿಲ್ಲ, ಕಟ್ಟೆಯ ಮೇಲೆ ಕೂತು ಜೋಕಾಲಿ ಆಡುತ್ತಿದ್ದ ಅತ್ತೆಗೆ “ಸೆರಗ ಸಂಭಾಳಸು” ಎಂದು ಬೈಯುತ್ತಿದ್ದಳು. ಬೆಳಕಿಂಡಿಯ ಬಿಸಿಲನ್ನು ಇಬ್ಬರೂ ಹಂಚಿಕೊಂಡರು. ಆಯಿಯ ಪೂಜೆ ಮುಗಿಯುವ ಹೊತ್ತಿಗೆ ಬಿಸಿಲು ಒಂದು ಮೊಳ ಸರಿದಿರುತ್ತಿತ್ತು, ಸರಿದ ಜಾಗದಲ್ಲಿ ಅತ್ತೆ ಬೈಬಲ್ಲು ಬಿಚ್ಚಿ ಕೂರುವಳು. ಚರ್ಚಿನ ಹಿರಿಯರೊಬ್ಬರು ಅವಳನ್ನು ಕರೆದು, ಅಂಥ ಶಾಸ್ತ್ರಕ್ಕೆ ಯಾಕೆ ನಿಂತೆ ಎಂದು ಕೇಳಿದರಂತೆ. “ಅಲ್ಲಿ ನನಗೆ 'ಅಡ್ಡಬೀಳು' ಅಂತ ಯಾರೂ ಹೇಳಲಿಲ್ಲ. ಮಗಳಾಗು ಅಂತ ಹೇಳಿದ್ರು, ಆದೆ” ಎಂದಳಂತೆ. ನಾನು ಸಾಲಿ ಬಿಟ್ಟು ಎತ್ತಿನ ಹಿಂದೆ ಹೋದ ಮೇಲೆ ಸಂಜೆ ಕೂರಿಸಿಕೊಂಡು ಓದು ಬರಹ ಮಾಡಿಸಿದವಳು ಅವಳೇ. ಮೊದಲು ಆದದ್ದು ಹೇಳು, ನಿನಗೆ ಅನಿಸಿದ್ದು ಆಮೇಲೆ, ಎನ್ನುವಳು. ಹೊಲದ ವಿಷಯಕ್ಕೆ, ಸಂಬಂಧದ ವಿಷಯಕ್ಕೆ ನನ್ನನ್ನು ಮಂದಿ ಸಾಕ್ಷಿಗೆ ಕರೆಯುತ್ತಾರೆಂದರೆ ಅದು ಅವಳ ಪಾಠ.

ಅವಳು ಮದುವೆಯಾಗಲಿಲ್ಲ. ಸಂಘದ ಸೆಕ್ರೆಟರಿಯಾಗಿಯೇ ಕೂದಲು ಬೆಳ್ಳಗಾದವು, ಹಾರ ಹಾಕಿಸಿಕೊಂಡು ನಿವೃತ್ತಳಾಗಿ ಬಂದಳು. ಆಯಿ ಹೋಗುವಾಗ ಅವಳ ತೊಡೆಯ ಮೇಲೆ ತಲೆ ಇಟ್ಟು ಹೋದಳು. ಅಪ್ಪ ಹೋದ, ಅವ್ವ ಹೋದಳು. ಮಾಳಿಗೆ ತೆಗೆದು ಸ್ಲ್ಯಾಬು ಹಾಕಿದೆವು, ಬೆಳಕಿಂಡಿಯ ಜಾಗ ಮಾತ್ರ ಮುಚ್ಚಿಸದೆ ಗಾಜು ಕೂರಿಸಿದೆವು. ಬಂಕದ ಕೋಣೆ ಹೋಗಿ ಅವಳಿಗೆ ಆ ಬೆಳಕಿನ ಪಕ್ಕದ ಕೋಣೆ ಆಯಿತು. ಮಂಡಿ ಸೋತ ಮೇಲೂ ಒಂದು ಭಾನುವಾರವೂ ಚರ್ಚು ತಪ್ಪಿಸಲಿಲ್ಲ, ನಾನೇ ಆಟೋದಲ್ಲಿ ಕರೆದೊಯ್ಯುತ್ತೇನೆ. ನಾಲತವಾಡದಿಂದ ಸೊಸೆಯಾಗಿ ಬಂದ ನೀಲವ್ವನಿಗೂ ಅವಳಿಗೂ ಅನ್ನದ ಜಗಳ. ಈಕೆ ಮಾಡಿದ್ದು ಮುದ್ದೆ ಎಂದು ಅವಳು, ಅವಳು ಮಾಡಿದ್ದು ಕಲ್ಲು ಎಂದು ಈಕೆ.

ಈಗ ಕೂಸು ಹುಟ್ಟಿತು. ಸೊಸೆಗೆ ತಾಯಿ ಇಲ್ಲ, ಹೀಗಾಗಿ ಬಾಣಂತನ ನಮ್ಮಲ್ಲೇ. ಅತ್ತೆ ಲೆಕ್ಕ ಹಾಕಿಕೊಂಡು ಕೂತುಬಿಟ್ಟಳು: ಬಿಸಿಲು ಬರುವ ಕೋಣೆ ಒಂದೇ, ಅದು ಕೂಸಿಗೆ ಬೇಕು; ನೀಲವ್ವನಿಗೂ ವಯಸ್ಸಾಯಿತು, ಬಾಣಂತಿ, ಕೂಸು, ಜೊತೆಗೆ ಈ ಮುದುಕಿ, ಆಗುವ ಮಾತಲ್ಲ. ಅವಳ ಊರಲ್ಲಿ ಅವರ ಚರ್ಚಿನ ಸಭೆಯವರು ನಡೆಸುವ ವೃದ್ಧರ ಮನೆಗೆ ಫೋನು ಮಾಡಿಸಿದಳು. ಕರೆದೊಯ್ಯಲು ಅವಳ ಅಕ್ಕನ ಮೊಮ್ಮಗ ಕಾರು ತಂದ, ಬಹಳ ಮರ್ಯಾದೆಯ ಹುಡುಗ. ಹೆಸರಿಡುವುದು ನೋಡಿಕೊಂಡು ಹೊರಡುತ್ತೇನೆ ಎಂದಿದ್ದಳು. ನನ್ನ ಮಗಳು ಸಾವಿತ್ರಿ ಮುದ್ದೇಬಿಹಾಳದಿಂದ ಬಂದು ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಗುದ್ದು ತಿಂದಳು. ಅತ್ತೆ ತಾನೂ ಮೆಲ್ಲಗೆ ಒಂದು ಗುದ್ದಿದಳು. ಆಮೇಲೆ ಕೋಲು ತೆಗೆದುಕೊಂಡಳು. ಗಂಗಾ ಅಳುತ್ತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಒಳಗೆ ಹೋಳಿಗೆ ತಟ್ಟುತ್ತಿದ್ದ ನೀಲವ್ವ ಕೈಯಲ್ಲಿ ಕಣಕ ಮೆತ್ತಿಕೊಂಡೇ ಬಂದು ಹೊಸ್ತಿಲಿಗೆ ಅಡ್ಡ ನಿಂತಳು. ಅತ್ತೆಗೆ ಕಿವಿ ಮಂದ, ಹೀಗಾಗಿ ಓಣಿಗೇ ಕೇಳುವಂತೆ ಕೂಗಿದಳು.

“ನೀವು ಹೊಂಟಿರೋದು ನಿಮ್ಮ ಗಂಡನ ಮನೀಗೇನ್ರಿ?”

ತೊಂಬತ್ತು ದಾಟಿದ, ಮದುವೆಯಾಗದ ಹೆಂಗಸಿಗೆ, ಹೊರಗಿನ ಹುಡುಗನ ಎದುರು ಕೇಳುವ ಮಾತೇ ಇದು?

“ಎಂತ ಮಾತು ನೀಲವ್ವ ಇದು?” ಎಂದಳು ಅತ್ತೆ.

“ಕೇಳಿದ್ದಕ್ಕ ಹೇಳ್ರಿ. ಹೌದೋ, ಅಲ್ಲೋ?”

“ಅಲ್ಲ.”

“ನೀವು ಈ ಮನಿ ಮಗಳು ಹೌದೋ, ಅಲ್ಲೋ?”

ಅತ್ತೆ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ.

“ಹೌದು.”

“ಮಗಳು ಈ ಮನೀಂದ ಟ್ರಂಕ ತಗೊಂಡು ಹೋಗೂದು ಗಂಡನ ಮನೀಗೆ ಅಷ್ಟ. ಗಂಡನ್ನ ತೋರಸ್ರಿ, ನಾನ ಉಡಿ ತುಂಬಿ ಕಳಸ್ತೇನಿ. ಇಲ್ಲಂದ್ರ ಒಳಗ ನಡೀರಿ. ಒಂದ ಗಳಗಿ ಮಗಳಾಗಾಕ ಬರೂದಿಲ್ಲ ಅಂತ ಅವತ್ತ ನಮ್ಮ ಹಿರ್ಯಾರಿಗೆ ಅಂದಾಕಿ ನೀವ. ಈಗ ಬಿಡಾಕ ಹೆಂಗ ಬರತೈತಿ?”

“ಕೂಸಿಗೆ ಕೋಣೆ...”

“ತೊಟ್ಟಲಾ ಅಲ್ಲೇ ಕಟ್ಟತೇನಿ, ನಿಮ್ಮ ಮಂಚದ ಬಾಜೂಕ. ಅದು ಅತ್ತರ ನಿಮಗ ಕೇಳೂದಿಲ್ಲ, ನೀವು ಗೊರಕಿ ಹೊಡದ್ರ ಅದಕ್ಕ ತಿಳಿಯೂದಿಲ್ಲ.”

ಅತ್ತೆಯ ಗದ್ದ ನಡುಗಿತು. ಅಳುತ್ತಾಳೆಂದು ನಾನು ಮುಂದೆ ಹೋದೆ. ಅವಳು ನಗುತ್ತಿದ್ದಳು.

“ಹೀಗೆ ಹಿಡಿದು ಕೇಳ್ಲಿಕ್ಕೆ ನಿನಗೆ ಯಾರು ಕಲಿಸಿದ್ದು?”

“ನೀವ ಕಲಿಸೀರಿ. ಅನ್ನ ಮಾಡೂದೊಂದು ಬಿಟ್ಟು ಎಲ್ಲಾ ನಿಮ್ಮ ಕಡೇನ ಕಲತೇನಿ.”

ಅತ್ತೆ ಕೋಲನ್ನು ನೀಲವ್ವನ ಕೈಗೆ ಕೊಟ್ಟು, ಅವಳ ಕಣಕದ ಕೈಯನ್ನೇ ಹಿಡಿದುಕೊಂಡು ಒಳಗೆ ನಡೆದಳು. ಬಿಳಿ ಸೀರೆಯ ಸೆರಗಿಗೆಲ್ಲ ಹಿಟ್ಟು. ನನ್ನ ಹೆಂಡತಿಯನ್ನು ನಾನು ಇಷ್ಟು ವರ್ಷ ನೋಡಿದ್ದೇನೆ ಎಂದುಕೊಂಡಿದ್ದೆ. ನೋಡೇ ಇರಲಿಲ್ಲ.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಕೂತೆವು. ನಾನು, ಮಗ, ಸಾವಿತ್ರಿ, ಗಂಗಾ, ಬಾಣಂತಿ ಸೊಸೆ ಗೋಡೆಗೆ ಆನಿಕೊಂಡು, ಅತ್ತೆಯ ಊರಿನ ಆ ಹುಡುಗನೂ. ರೊಟ್ಟಿ, ಹೋಳಿಗೆ, ಬದನೆಕಾಯಿ, ಅತ್ತೆಗೆ ಅದೇ ಮೆತ್ತಗಿನ ಅನ್ನ. ನೀಲವ್ವ ಬಡಿಸಿ ತಾನೂ ಅತ್ತೆಯ ಪಕ್ಕ ಕೂತಳು. ಅತ್ತೆ ಕಣ್ಣು ಮುಚ್ಚಿದಳು. ಹುಡುಗ ರೊಟ್ಟಿಗೆ ಕೈ ಹಾಕಿದ್ದ, ಎಲ್ಲರೂ ಸುಮ್ಮನಿರುವುದು ಕಂಡು ಹಿಂದೆ ತೆಗೆದ. ಅತ್ತೆಯ ತುಟಿ ಅಲ್ಲಾಡುತ್ತಲೇ ಇದ್ದವು. ಬಹಳ ಹೊತ್ತಾಯಿತು. ನಿದ್ದೆ ಹೋದಳೋ ಎಂದು ಗಂಗಾ ನನ್ನ ಕಡೆ ನೋಡಿದಳು.

“ಅತ್ತಿ, ರೊಟ್ಟಿ ಆರತಾವ್ರಿ,” ಎಂದಳು ನೀಲವ್ವ.

ಅತ್ತೆ ಕಣ್ಣು ತೆರೆಯದೆ ಕೈ ಎತ್ತಿದಳು.

“ಸ್ವಲ್ಪ ತಡಿ. ಒಂದು ಹೆಸರು ಹೊಸತು ಸೇರಿಸ್ಬೇಕು. ಅದೆಂತ ಹೆಸರು ಇಟ್ಟದ್ದು ನೀವು? ಸರಿಯಾಗಿ ಹೇಳಿ, ಅಲ್ಲಿ ತಪ್ಪು ಹೇಳ್ಲಿಕ್ಕೆ ಆಗುದಿಲ್ಲ.”

“ಸಾನ್ವಿ,” ಎಂದೆವು ನಾವು, ಅವಳಿಗೆ ಕೇಳಲೆಂದು, ಇಡೀ ಸಾಲು ಒಟ್ಟಿಗೇ ಕೂಗಿ. ತೊಟ್ಟಿಲಲ್ಲಿ ಕೂಸು ಬೆಚ್ಚಿ ಅತ್ತಿತು. ಅತ್ತೆ ಆ ಹೆಸರನ್ನು ಒಮ್ಮೆ ತುಟಿಯಲ್ಲೇ ಆಡಿ ನೋಡಿ, ಆಮೆನ್ ಎಂದು ಕಣ್ಣು ತೆರೆದಳು. ಎಲ್ಲರೂ ರೊಟ್ಟಿ ಮುರಿದೆವು.